ಉರಾಳರ ಕಾರಿನ ಮುಚ್ಚಳ

"ಇನ್ನೊಂಚೂರ್ ಹತ್ರ ಹಿಡಿ ಮಾರಾಯ. ನಿನ್ನ ಮೂಗೇ ಕಾಂತ್, ಮುಚ್ಲ ಎಲ್ಲಿತ್ತ್?"

ಕೋಟದ ಮನೆಯ ಜಗಲಿಯಲ್ಲಿ ಕೂತು ಗೋದಾವರಮ್ಮ ಫೋನಿನೊಳಗೆ ಕೂಗಿದರು. ಐವತ್ತು ಕಿಲೋಮೀಟರ್ ಆಚೆ, ಬೈಂದೂರಿನ ಯೋಗೀಶನ ಗುಜರಿ ಶೆಡ್ಡಿನಲ್ಲಿ ನಿಂತಿದ್ದ ಮಗ ರವಿಶಂಕರ ಕೈ ಮುಂದೆ ಚಾಚಿದ. ತುಕ್ಕು ಹಿಡಿದ ರೇಡಿಯೇಟರ್ ಮುಚ್ಚಳವೊಂದು ಪರದೆಯ ಮೇಲೆ ಹಪ್ಪಳದಷ್ಟು ಅಗಲವಾಯಿತು.

ಗೋದಾವರಮ್ಮ ಫೋನನ್ನು ಗಂಡನ ಮುಖದ ಎದುರು ಹಿಡಿದರು. ಕೃಷ್ಣಯ್ಯ ಉರಾಳರು ಈಸಿಚೇರಿನಲ್ಲಿ ಬಲಕ್ಕೆ ವಾಲಿ ಕೂತಿದ್ದರು. ಬಲಗೈ ಯಾರೋ ಅಲ್ಲಿಟ್ಟು ಮರೆತುಹೋದ ಹಾಗೆ ತೊಡೆಯ ಮೇಲೆ ಬಿದ್ದಿತ್ತು.

"ಅಪ್ಪಯ್ಯ, ಸಮಾ ಕಾಣಿ. ನಮ್ಮ ಕಾರಿಂದ್ ಇದಲ್ದಾ?"

ಉರಾಳರು ಕಣ್ಣು ಸಣ್ಣ ಮಾಡಿ ನೋಡಿದರು. ಎಡಗೈಯ ಹೆಬ್ಬೆರಳು ಎದ್ದು ಗಾಳಿಯಲ್ಲೇ ಸ್ಪ್ರಿಂಗ್ ಒತ್ತಿದ ಹಾಗೆ ಮಾಡಿತು. ತುಟಿ ಒಂದೆರಡು ಸಲ ಸುಮ್ಮನೆ ಅಲುಗಿ, ಕೊನೆಗೆ ಮಾತು ಬಂತು.

"ಹೌದ್."

"ಕೇಂಡ್ರ್ಯಾ ಯೋಗೀಶಣ್ಣ? ಹೌದ್ ಅಂದ್ರ್!"

"ಅರೇ, ನಾನ್ ಆಗ್ಳೇ ಹೇಳಿಲ್ಯಾ?" ಯೋಗೀಶನ ದನಿ ಮಾತ್ರ ಕೇಳಿಸಿತು. "ಬೊಂಬಾಯಗೆ ಇಪ್ಪತ್ ವರ್ಷ ಟ್ಯಾಕ್ಸಿ ಗ್ಯಾರೇಜಗೆ ಕೂಕಂಡವ ನಾನ್. ಕಣ್ ಮುಚ್ಕಂಡ್ ಹೇಳ್ತೆ. ತಕಂಡ್ ಹೋಪುದೇ. ಚಲೇಗಾ!"

ಕಣ್ಣು ಮುಚ್ಚಿಕೊಂಡು ಹೇಳುವ ಜನರಿಂದಲೇ ಈ ಲೋಕದ ಅರ್ಧ ಗಾಡಿಗಳು ಕೆಟ್ಟು ನಿಂತಿರುವುದು. ಆದರೆ ಆ ಹೊತ್ತಿಗೆ ಅದನ್ನು ಯಾರೂ ಹೇಳಲಿಲ್ಲ. ಗೋದಾವರಮ್ಮ ಫೋನನ್ನು ಸೆರಗಿನಿಂದ ಒರೆಸಿ, ದೇವರ ಕೋಣೆಯ ಕಡೆ ಒಮ್ಮೆ ನೋಡಿ ಕೈಮುಗಿದರು. ಅದು ಮೂರನೆಯ ಮುಚ್ಚಳ.

ಕಾರು ಐವತ್ತೇಳರ ಲ್ಯಾಂಡ್‌ಮಾಸ್ಟರ್. ಉರಾಳರು ಮೂವತ್ತೆಂಟು ವರ್ಷ ಅದನ್ನು ಬಾಡಿಗೆಗೆ ಓಡಿಸಿದವರು. ಸಾಲಿಗ್ರಾಮದಿಂದ ಪುರೋಹಿತರನ್ನು, ಕೋಟದಿಂದ ಅಡುಗೆಯವರನ್ನು ಕೂಡಿಸಿಕೊಂಡು ಕುಂದಾಪುರ, ಕೆರಾಡಿ, ಬ್ರಹ್ಮಾವರ ಎಂದು ತಿರುಗಿದವರು. ಬಾಡಿಗೆ ನಿಂತ ಮೇಲೂ ಪ್ರತಿ ಮಂಗಳವಾರ ಬೆಳಿಗ್ಗೆ ಬಾನೆಟ್ ಎತ್ತಿ ರೇಡಿಯೇಟರಿಗೆ ಬಾವಿ ನೀರು ಹಾಕುವುದು ಬಿಡಲಿಲ್ಲ. ಮಕರ ಸಂಕ್ರಾಂತಿ ಕಳೆದ ಮೊದಲ ಮಂಗಳವಾರ ಹಾಗೆ ನೀರು ಹಾಕುವಾಗಲೇ ಬಿದ್ದರು. ತಲೆಯ ನರಕ್ಕೆ ಪೆಟ್ಟು ಬಿದ್ದು ಬಲಗಡೆಯ ಕೈಕಾಲೂ ಮಾತೂ ಒಟ್ಟಿಗೇ ಹೋದವು. ಆಸ್ಪತ್ರೆಗೆ ಮುಟ್ಟಿದಾಗಲೂ ಮುಚ್ಚಳ ಎಡಮುಷ್ಟಿಯೊಳಗೇ ಇತ್ತಂತೆ. ದಾದಿ ಒಂದೊಂದೇ ಬೆರಳು ಬಿಡಿಸಿ ಅದನ್ನು ತೆಗೆದು ಗೋದಾವರಮ್ಮನ ಕೈಗೆ ಕೊಟ್ಟಳು.

ಹತ್ತು ದಿನ ಅದು ಗೋದಾವರಮ್ಮನ ಚೀಲದಲ್ಲೇ ಇತ್ತು. ಹನ್ನೊಂದನೆಯ ದಿನ ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿದರು. ಬೀಳುವ ಗಳಿಗೆಯಲ್ಲಿ ಕೈಯಲ್ಲಿದ್ದದ್ದು ಮನೆಯೊಳಗೆ ಇರಬಾರದು, ಹರಿಯುವ ನೀರಿಗೋ ಸಮುದ್ರಕ್ಕೋ ಬಿಡಿ ಎಂದರು ಜೋಯಿಸರು. ಕೈಯಲ್ಲಿದ್ದದ್ದು ಏನೆಂದು ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಅಂದು ಸಂಜೆಯೇ ಪಡುಕರೆಗೆ ಹೋಗಿ, ಮೊಣಕಾಲು ನೀರಿನವರೆಗೆ ಇಳಿದು, ಗೋದಾವರಮ್ಮ ಲ್ಯಾಂಡ್‌ಮಾಸ್ಟರಿನ ಮುಚ್ಚಳವನ್ನು ಅರಬ್ಬೀ ಸಮುದ್ರಕ್ಕೆ ಎಸೆದು ಬಂದರು. ಗಂಡ ಬದುಕಲಿ ಎಂದು ಎಸೆದದ್ದು. ಅದೇ ಮುಚ್ಚಳ ಇಲ್ಲದೆ ಗಂಡನಿಗೆ ಔಷಧ ನಿಲ್ಲುತ್ತದೆಂದು ಯಾವ ಜೋಯಿಸ ಹೇಳಬೇಕಿತ್ತು?

ಔಷಧ ಎಂದರೆ ಮಾತ್ರೆಯಲ್ಲ. ಬ್ರಹ್ಮಾವರದಲ್ಲಿ ವಿನಯಾ ಎಂಬ ಹುಡುಗಿ ಇದ್ದಾಳೆ, ಬಿದ್ದ ಕೈಗೆ ಕೆಲಸ ಕಲಿಸುತ್ತಾಳೆ, ಹೋದ ಮಾತನ್ನು ಎಳೆದು ತರಿಸುತ್ತಾಳೆ. ಉರಾಳರು ಮನೆಗೆ ಬಂದ ಮೇಲೆ ಒಂದು ಸಲ ಬಂದು ನೋಡಿದಳು. ಆಗ ಅವರ ಬಾಯಲ್ಲಿ ಒಂದು ಸದ್ದೂ ಇರಲಿಲ್ಲ.

"ಮೊದಲ ಮೂರು ತಿಂಗಳು ಹಸಿಮಣ್ಣಿದ್ದ ಹಾಗೆ ಅಮ್ಮ," ಎಂದಳು. "ತಿದ್ದಿದ ಹಾಗೆ ಬರ್ತದೆ. ಆಮೇಲೆ ಗಟ್ಟಿ ಆಗ್ತದೆ. ನನಗೆ ದಿನಾ ಇಲ್ಲಿಗೆ ಬರ್ಲಿಕ್ಕಾಗುದಿಲ್ಲ, ಸಾಮಾನು ಎಲ್ಲ ಅಲ್ಲೇ ಇರುದು. ವಾರಕ್ಕೆ ಎರಡು ಸಲ ಕರ್ಕೊಂಡು ಬನ್ನಿ. ತಪ್ಪಿಸ್ಬೇಡಿ."

ತಪ್ಪಿಸದೆ ಮತ್ತೇನು ಮಾಡುವುದು? ಉರಾಳರು ರಿಕ್ಷಾ ಹತ್ತಲಿಲ್ಲ. ಪಕ್ಕದ ಮನೆಯವರ ವ್ಯಾನು ಹತ್ತಲಿಲ್ಲ. ಕರೆದುಕೊಂಡು ಮೆಟ್ಟಿಲ ತನಕ ಹೋದರೆ ಎಡಗೈಯಿಂದ ಜಗಲಿಯ ಕಂಬ ಹಿಡಿದುಬಿಡುತ್ತಿದ್ದರು. ಎಪ್ಪತ್ತಾರರ ಮುದುಕನ ಕೈ, ಇಬ್ಬರು ಸೇರಿ ಎಳೆದರೂ ಬಿಡುತ್ತಿರಲಿಲ್ಲ. ಹೀಗಿರುವಾಗ ಒಂದು ದಿನ ರವಿಶಂಕರ ದೂಳು ಹೊಡೆಯುವುದಕ್ಕೆಂದು ಲ್ಯಾಂಡ್‌ಮಾಸ್ಟರನ್ನು ಅಂಗಳಕ್ಕೆ ದೂಡಿ ತಂದ. ಉರಾಳರು ಕೋಲೂರಿ ಎದ್ದು, ಕಾಲೆಳೆದುಕೊಂಡು ಹೋಗಿ, ಯಾರೂ ಹೇಳದೆ ಮುಂದಿನ ಸೀಟಿನಲ್ಲಿ ಕೂತುಬಿಟ್ಟರು. ಅಲ್ಲಿಗೆ ತೀರ್ಮಾನವಾಯಿತು. ಬ್ರಹ್ಮಾವರಕ್ಕೆ ಹೋಗುವುದಾದರೆ ಈ ಕಾರಿನಲ್ಲಿ, ಈ ಕಾರು ಹೋಗುವುದಾದರೆ ಮುಚ್ಚಳ ಸಿಕ್ಕ ಮೇಲೆ.

ಇದರ ಮಧ್ಯೆ ಮಾತು ಬಂತು. ನಾಲ್ಕನೆಯ ವಾರ, ಗಂಜಿ ಕುಡಿಸುತ್ತಾ ಗೋದಾವರಮ್ಮ, "ಉಪ್ಪ್ ಸಮಾ ಆಯ್ತ್ ಅಲ್ದಾ?" ಎಂದದ್ದಕ್ಕೆ ಉರಾಳರು "ಹೌದ್" ಎಂದರು. ಗಂಜಿಯ ಬಟ್ಟಲು ಅಲ್ಲೇ ಬಿಟ್ಟು ಗೋದಾವರಮ್ಮ ಅತ್ತರು. ಸೊಸೆ ಶ್ರೀವಿದ್ಯಾ ಅಂದು ಪಾಯಸ ಮಾಡಿದಳು. ಅಂದಿನಿಂದ ಇಡೀ ಮನೆ ಅವರನ್ನು ಕೇಳುವುದೇ ಕೇಳುವುದು. ನಿದ್ರೆ ಬಂತ್ ಅಲ್ದಾ, ಸೆಕೆ ಇತ್ತ್ ಅಲ್ದಾ, ಇವ ನಿಮ್ಮ ಮೊಮ್ಮಗ ಶ್ರೀಶ ಅಲ್ದಾ. ನಮ್ಮ ಕಡೆ 'ಅಲ್ದಾ' ಇಲ್ಲದೆ ಒಂದು ಮಾತು ಮುಗಿಯುತ್ತದೆಯೆ? ಕೇಳುವವರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ, ಎದುರಿನವರು ಹೌದ್ ಎಂದರೆ ಮರ್ಯಾದೆ ಉಳಿಯಿತು. ಉರಾಳರು ಎಲ್ಲದಕ್ಕೂ ಹೌದ್ ಎಂದರು, ತಲೆಯೂ ಅದರ ಜೊತೆಗೇ ಆಡಿತು. ರಿಕ್ಷಾ ತಂದಾಗ "ಹೋಪ ಅಲ್ದಾ?" ಎಂದರೂ ಹೌದ್ ಎಂದೇ ಕಂಬ ಹಿಡಿದರು.

"ಬಾಯಗೆ ಹೌದ್, ಕೈಯಗೆ ಇಲ್ಲೆ. ಮೊದ್ಲಿಂದ್ಲೂ ಇವ್ರ ಜಾತಕವೇ ಹಾಂಗೆ," ಎಂದು ಗೋದಾವರಮ್ಮ ಬೈದರು. ಬೈದದ್ದರಲ್ಲೂ ಒಂದು ಸಂತೋಷವಿತ್ತು. ಹಟ ಮಾಡುವಷ್ಟು ಗಂಡ ಮರಳಿ ಬಂದಿದ್ದಾನಲ್ಲ.

ಆ ವಾರವೇ ಒಂದು ಸಂಜೆ, ಯಾರೂ ಇಲ್ಲದಾಗ, ಅವರು ಗಂಡನ ಕಾಲ ಬುಡದಲ್ಲಿ ಕೂತು ಹೇಳಿಕೊಂಡರು. "ಆ ಮುಚ್ಲ ನಾನ್ ಕಡ್ಲಿಗ್ ಬಿಟ್ಟೆ. ನಿಮ್ಮ ಜೀವ ಉಳೀಲಿ ಅಂದೇಳಿ ಬಿಟ್ಟದ್ದ್. ನಿಮ್ಗ್ ಸಿಟ್ಟಿಲ್ಲೆ ಅಲ್ದಾ?"

"ಹೌದ್."

ಹದಿನೈದು ದಿನದಿಂದ ಬಾರದಿದ್ದ ನಿದ್ರೆ ಗೋದಾವರಮ್ಮನಿಗೆ ಅಂದು ಬಂತು.

ಮೊದಲ ಮುಚ್ಚಳ ಕುಂದಾಪುರದ ಅಂಗಡಿಯದು. ಕಾರಿನ ಬಾಯಿಗೆ ಸರಿಯಾಗಿ ಕೂತಿತು, ತಿರುಗಿಸಿದರೆ ಕಚ್ಚಿತು. ಉರಾಳರು ಕೈಯಲ್ಲಿ ಹಿಡಿದು ನೋಡಿ ಹೌದ್ ಎಂದರು. ಸಾಸ್ತಾನದ ಟೋಲಿನ ಸಾಲಿನಲ್ಲಿ ನಿಂತಲ್ಲೇ ನೀರು ಕುದಿದು ಕಾರು ಏದುಸಿರು ಬಿಟ್ಟಿತು. ಹೊರಗಿನಿಂದ ಸರಿ ಕಂಡರೂ ಅದರ ಒಳಗಿನ ರಬ್ಬರು ಗಂಟಲಿನ ತಳಕ್ಕೆ ಮುಟ್ಟುತ್ತಿರಲಿಲ್ಲವಂತೆ. ಈ ಹಳೆಯ ಕಾರಿನ ಗಂಟಲು ಉದ್ದ. ಎರಡನೆಯದನ್ನು ಬೀಜಾಡಿಯ ಗುಡ್ಡ ಎಂಬವನು ತಂದ. ಅವನು ದೋಣಿ ಎಂಜಿನ್ ಬಿಚ್ಚುವವನು, ಮೂವತ್ತು ವರ್ಷದಿಂದ ಉರಾಳರ ಕಾರಿನ ವೈದ್ಯನೂ ಅವನೇ. ಅದಕ್ಕೂ ಹೌದ್ ಬಂತು, ಆದರೆ ಅದು ಕಚ್ಚಲೇ ಇಲ್ಲ. ಮುಚ್ಚಳ ಅದೇ, ಕಚ್ಚಿಕೊಳ್ಳುವ ಕಿವಿ ಬಗ್ಗಿದೆ ಎಂದು ಗುಡ್ಡ ಎರಡು ದಿನ ಅದರ ಕಿವಿ ತಟ್ಟುತ್ತಾ ಕೂತ.

ಪೆದ್ದರು ಎಂದು ನೀವು ಅನ್ನಬಹುದು. ಅನ್ನಿ. ಆದರೆ ಮೂರು ವಾರ ಮೂಕನಾಗಿ ಕೂತ ಗಂಡ ಬಾಯಿಬಿಟ್ಟು ಒಂದು ಮಾತು ಹೇಳಿದರೆ ಅದನ್ನು ನಂಬದ ಹೆಂಡತಿಯನ್ನು ಒಮ್ಮೆ ತೋರಿಸಿ, ಆಮೇಲೆ ಮಾತಾಡುವ.

ಬೈಂದೂರಿನ ಮುಚ್ಚಳ ಬಂದ ಮರುದಿನ ಮಧ್ಯಾಹ್ನ ಗುಡ್ಡ ಬಂದ. ರವಿಶಂಕರ ದೇವಸ್ಥಾನದ ಪೂಜೆ ಮುಗಿಸಿ ಬರುವಷ್ಟರಲ್ಲಿ ಅವನು ಬಾನೆಟ್ ಎತ್ತಿ, ಹಿಡಿಸೂಡಿ ಪೊರಕೆಯ ಕಡ್ಡಿಯೊಂದನ್ನು ರೇಡಿಯೇಟರಿನ ಗಂಟಲೊಳಗೆ ಇಳಿಸಿ ಅಳೆಯುತ್ತಿದ್ದ.

"ಅಮ್ಮ, ದಿನಾ ಮೀನಿನ್ ಬಲಿ ಎಳ್ಯೂವತಿಗೆ ಕಾಂತೆ ನಾನ್," ಎಂದ. "ನಿಮ್ಮ ಮುಚ್ಲ ಎಲ್ಲಾರೂ ಸಿಕ್ಕುತ್ತಾ ಅಂದೇಳಿ. ಮೊನ್ನೆ ಒಂದ್ ದೊಡ್ಡ ಬಂಗ್ಡಿ ಹೊಟ್ಟಿ ಸೀಳಿ ಸೈತ ಕಂಡೆ."

"ನಿನ್ನ ಬಂಗ್ಡಿ ಪುರಾಣ ಜಗ್ಲಿಂದ ಕೆಳ್ಗ್ ಇಟ್ಕೋ. ಇದ್ ಕೂಕಂತಾ ಇಲ್ಯಾ, ಅಷ್ಟ್ ಹೇಳ್."

"ಉದ್ದ ಸಮಾ ಇತ್ತ್. ಕಚ್ತ್ ಸೈತ." ಗುಡ್ಡ ಮುಚ್ಚಳ ಮಗುಚಿ ಹೆಬ್ಬೆರಳಿನಿಂದ ಸ್ಪ್ರಿಂಗ್ ಒತ್ತಿದ. ಒತ್ತಲಾಗಲಿಲ್ಲ. ಅಂಗೈಯಿಂದ ಒತ್ತಿದ. "ಆರೆ ಇದ್ರ ಸ್ಪ್ರಿಂಗ್ ಗಟ್ಟಿ ಆಯ್ತ್ ರವಿಯಣ್ಣ. ಲಾರಿದ್ದ್ ಇದ್ದಾಂಗಿತ್ತ್. ನಂಬ್ರ ಎಲ್ಲ ಸವ್ದ್ ಹೋಯಿತ್."

"ಗಟ್ಟಿ ಇದ್ರೆ ಒಳ್ಳೇದೇ ಅಲ್ದಾ?"

"ಎಂತ ಒಳ್ಳೇದ್? ಹಬೆ ಜಾಸ್ತಿ ಆದ್ರೆ ಈ ಮುಚ್ಲ ಎದ್ದ್ ಹೊರ್ಗ್ ಬಿಡ್ಕ್. ಇದ್ ಎದ್ದಿಲ್ಲೆ ಅಂದ್ರೆ ಹಬೆ ಬೇರೆ ದಾರಿ ಹುಡ್ಕತ್ತ್. ಅರವತ್ ವರ್ಷದ ಟಾಂಕಿ ಇದ್, ಬೆಸ್ಗಿ ಮೇಲ್ ನಿಂತದ್ದ್."

ರವಿಶಂಕರ ಅಪ್ಪನ ಕಡೆ ನೋಡಿದ. ವಿನಯಾ ಹೇಳಿದ ಮೂರು ತಿಂಗಳಿಗೆ ಇನ್ನು ಆರು ದಿನ ಉಳಿದಿತ್ತು. ಇವತ್ತು ಮೂರೂವರೆಗೆ ಬನ್ನಿ, ಸಮಯ ಇಟ್ಟಿರ್ತೇನೆ ಎಂದು ಬೆಳಿಗ್ಗೆಯೇ ಫೋನಿನಲ್ಲಿ ಹೇಳಿದ್ದಳು.

"ಅಪ್ಪಯ್ಯ ಹೌದ್ ಅಂದ್ರಲ್ಲ ಗುಡ್ಡ."

ಗುಡ್ಡ ಮುಚ್ಚಳವನ್ನು ಒಯ್ದು ಉರಾಳರ ಎಡಗೈಯೊಳಗೆ ಇಟ್ಟ. "ಉರಾಳ್ರೇ, ಇದಲ್ದಾ? ನೀವ್ ಹೇಳ್ರೆ ಹಾಕ್ತೆ."

ಉರಾಳರು ಮುಚ್ಚಳದ ಮೇಲೆ ಹೆಬ್ಬೆರಳಿಟ್ಟು ಬಹಳ ಹೊತ್ತು ಒತ್ತಿದರು. ಹಣೆಯ ಮೇಲೆ ಬೆವರು ಬಂತು. "ಹೌದ್," ಎಂದರು. ಮತ್ತೊಮ್ಮೆ, ಸ್ವಲ್ಪ ಜೋರಾಗಿ, "ಹೌದ್!"

"ಆಯ್ತ್ ಹಂಗಾರೆ," ಎಂದ ಗುಡ್ಡ. ಮೂವತ್ತು ವರ್ಷ ಈ ಕಾರಿನ ವಿಷಯದಲ್ಲಿ ಉರಾಳರು ಹೇಳಿದ್ದಕ್ಕೆ ಅವನು ಎದುರು ಆಡಿದವನಲ್ಲ.

ಹೊರಟರು. ರವಿಶಂಕರ ಸ್ಟೇರಿಂಗಿನಲ್ಲಿ, ಪಕ್ಕದಲ್ಲಿ ಉರಾಳರು, ಹಿಂದೆ ಗೋದಾವರಮ್ಮ ಮತ್ತು ನೀರಿನ ಕ್ಯಾನು ತೊಡೆಯ ಮೇಲಿಟ್ಟುಕೊಂಡ ಗುಡ್ಡ. ಸಾಲಿಗ್ರಾಮ ದಾಟಿತು. ಸಾಸ್ತಾನದ ಟೋಲಿನಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಕೂತರು, ಕಾರು ಹೂಂ ಎನ್ನದೆ ದಾಟಿತು. ಟೋಲಿನ ಹುಡುಗಿಯೊಬ್ಬಳು ಕಾರಿನ ಫೋಟೋ ತೆಗೆದುಕೊಂಡಳು. ಗೋದಾವರಮ್ಮನಿಗೆ ಅದೊಂದು ದೊಡ್ಡ ಶಕುನವಾಗಿ ಕಂಡಿತು.

"ಕಂಡ್ಯಾ ಗುಡ್ಡ? ಸುಮ್ನೆ ಹೆದ್ರಿಸ್ತೆ ನೀನ್. ಲಾರಿದ್ದ್ ಅಂಬ್ರ್!"

"ಮಾಬುಕಳ ದಾಟ್ಲಿ ಅಮ್ಮ, ಆಮೇಲ್ ಬೈನಿ," ಎಂದ ಗುಡ್ಡ.

ಮಾಬುಕಳ ದಾಟಲಿಲ್ಲ. ಸೇತುವೆಯ ನಡುವಿಗೆ ಬರುವಾಗ ಬಾನೆಟ್ಟಿನ ಅಡಿಯಲ್ಲಿ ತೆಂಗಿನಕಾಯಿ ಒಡೆದಂತೆ ಒಂದು ಸದ್ದು. ಮರುಕ್ಷಣ ಎದುರಿನ ಗಾಜೆಲ್ಲ ಬಿಳಿಯಾಯಿತು. ರವಿಶಂಕರ ಅಂದಾಜಿನ ಮೇಲೆ ಎಡಕ್ಕೆ ಒತ್ತಿ ನಿಲ್ಲಿಸಿದ. ಹಿಂದಿನ ಬಸ್ಸಿನವನು ಹಾರ್ನ್ ಹಾಕಿ ಬೈದುಕೊಂಡೇ ಹೋದ. ಗುಡ್ಡ ಇಳಿದು, ಹಬೆ ಇಳಿಯುವ ತನಕ ಕಾದು, ಬಟ್ಟೆ ಸುತ್ತಿದ ಕೈಯಿಂದ ಬಾನೆಟ್ ಎತ್ತಿದ. ಮುಚ್ಚಳ ಕೂತಲ್ಲೇ ಗಟ್ಟಿಯಾಗಿ ಕೂತಿತ್ತು, ಅದಕ್ಕೇನೂ ಆಗಿರಲಿಲ್ಲ. ಮೇಲಿನ ಹಿತ್ತಾಳೆ ಟಾಂಕಿ ಬೆಸುಗೆಯ ಉದ್ದಕ್ಕೂ ಒಂದು ಗೇಣು ಸೀಳಿತ್ತು.

"ಮುಗೀತ್," ಎಂದ ಗುಡ್ಡ. ಕ್ಯಾನಿನ ನೀರನ್ನು ಎಲ್ಲಿಗೆ ಹೊಯ್ಯುವುದೆಂದು ತಿಳಿಯದೆ ಹಾಗೇ ಹಿಡಿದುಕೊಂಡು ಉರಾಳರ ಕಿಟಕಿಯ ಹತ್ತಿರ ಬಂದ. ಅವನಿಗೆ ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು. "ಎಂತ ಉರಾಳ್ರೇ ಇದ್? ನಂಗೆ ಆಗ್ಳೇ ಸಂಶಯ ಇದ್ದಿತ್. ನೀವೇ ಅಲ್ದಾ ಹೌದ್ ಅಂದದ್ದ್?"

"ಹೌದ್."

"ಇದಲ್ಲ ಅಂತ ನಿಮ್ಗ್ ಗೊತ್ತಿದ್ದಿತ್ ಅಲ್ದಾ ಹಂಗಾರೆ?"

"ಹೌದ್."

"ಹಾಂ? ಎಂತ ಹೌದ್? ಇದ್ ಹೌದಾ, ಇದ್ ಅಲ್ಲ ಅಂಬುದ್ ಹೌದಾ?"

"ಹೌದ್," ಎಂದರು ಉರಾಳರು. ಎಡಗೈ ಡ್ಯಾಶ್‌ಬೋರ್ಡಿನ ಮೇಲೆ ಒಮ್ಮೆ ಬಡಿಯಿತು.

ಹಿಂದಿನ ಸೀಟಿನಲ್ಲಿದ್ದ ಗೋದಾವರಮ್ಮ ಬಾಗಿಲು ತೆರೆದು ಇಳಿದು, ಗುಡ್ಡನನ್ನು ಸರಿಸಿ, ಗಂಡನ ಮುಖಕ್ಕೆ ಮುಖ ಕೊಟ್ಟು ನಿಂತರು. ಒಂದು ಲಾರಿ ಹೋಯಿತು, ಸೇತುವೆ ಅಲುಗಿತು. ಅದು ದಾಟುವ ತನಕ ಕಾದರು.

"ಹ್ವಾಯ್, ಇಲ್ ಕಾಣಿ. ನಾನ್ ನಿಮ್ಮ ಅಕ್ಕ ಅಲ್ದಾ?"

"ಹೌದ್."

"ಅಮ್ಮ, ಎಂತ ಕೇಂತ್ರಿ ನೀವ್?" ಎಂದ ರವಿಶಂಕರ.

"ಸುಮ್ನಿರ್ ನೀನ್. ಇದ್ ಕೆರಾಡಿ ಅಲ್ದಾ? ನಾವ್ ಬಂದದ್ದ್ ಕೆರಾಡಿಗೆ ಅಲ್ದಾ?"

"ಹೌ..." ಎಂದರು ಉರಾಳರು. ಅಲ್ಲಿಗೆ ನಿಲ್ಲಿಸಲು ನೋಡಿದರು. ಕುತ್ತಿಗೆಯ ನರ ಎದ್ದಿತು. ತುಟಿ ಬೇರೊಂದು ಆಕಾರಕ್ಕೆ ಹೋಗಲು ಹೆಣಗಿತು, ಹೋಗಲಿಲ್ಲ. "ಹೌ... ಹೌ..." ಎಡಗೈ ಡ್ಯಾಶ್‌ಬೋರ್ಡನ್ನು ಬಡಿಯಿತು, ಮತ್ತೆ ಬಡಿಯಿತು. "ಹೌದ್," ಎಂದು ಮಾತು ಹೊರಬಿತ್ತು, ತಲೆಯೂ ಅದರ ಜೊತೆ ಆಡಿತು, ಕಣ್ಣಿನಿಂದ ನೀರು ಇಳಿಯಿತು.

ಒಳಗೆ ಎಲ್ಲವೂ ಸರಿಯಾಗಿಯೇ ಗೊತ್ತಿರುವ ಮನುಷ್ಯ ಎರಡು ತಿಂಗಳಿನಿಂದ ಇಲ್ಲ ಎನ್ನಲು ಹೋಗಿ ಹೌದ್ ಎನ್ನುತ್ತಾ ಕೂತಿದ್ದ. ಗಂಜಿಗೆ ಉಪ್ಪು ಇತ್ತೋ ಇಲ್ಲವೋ. ಮುಚ್ಚಳ ಯಾವುದಾದರೂ ಹೌದಾಗಿತ್ತೋ ಇಲ್ಲವೋ. ಕಂಬ ಹಿಡಿದ ಕೈಯೊಂದೇ ಇಷ್ಟು ದಿನ ಸರಿಯಾಗಿ ಮಾತಾಡಿತ್ತು, ಅದನ್ನು ಹಟ ಎಂದು ಬೈದಾಗಿತ್ತು.

ಗೋದಾವರಮ್ಮ ಇನ್ನೇನೋ ಕೇಳಲು ಬಾಯಿ ತೆರೆದರು. "ನಾನ್ ಅದನ್ನ ಕಡ್ಲಿಗ್..." ಎಂದವರು ಅಲ್ಲೇ ನಿಲ್ಲಿಸಿದರು. ಸೆರಗಿನ ತುದಿಯಿಂದ ಗಂಡನ ಕಣ್ಣು, ಬಾಯಿ ಒರೆಸಿದರು. ಆಮೇಲೆ ಅದೇ ಸೆರಗಿನಿಂದ ಕಾರಿನ ಕಿಟಕಿಯ ಅಂಚನ್ನೂ ಒರೆಸಿದರು, ಅದರ ಮೇಲೆ ದೂಳೇನೂ ಇರದಿದ್ದರೂ.

ರವಿಶಂಕರನ ಫೋನು ಹೊಡೆದುಕೊಂಡಿತು. ವಿನಯಾ. "ಎಲ್ಲಿದ್ದೀರಿ? ನಾಲ್ಕೂಕಾಲಿಗೆ ಬೇರೆಯವರು ಬರ್ತಾರೆ," ಎನ್ನುವುದು ಹೊರಗಿನ ತನಕ ಕೇಳಿಸಿತು. "ಸೇತುವೆ ಮೇಲಿದ್ದೇವೆ, ಬರ್ತೇವೆ," ಎಂದ ಅವನು. ಹೇಗೆ ಎಂದು ಅವಳೂ ಕೇಳಲಿಲ್ಲ.

ಬ್ರಹ್ಮಾವರದ ಕಡೆ ಖಾಲಿ ಹೋಗುತ್ತಿದ್ದ ರಿಕ್ಷಾವೊಂದು ಮುಂದೆ ಹೋಗಿ ನಿಂತು, ಹಿಂದೆ ಬಂತು. ಒಳಗಿದ್ದವನು ಮಂಜ, ಮಾಬುಕಳ ಸ್ಟ್ಯಾಂಡಿನವನು.

"ಬತ್ರ್ಯಾ? ಉರಾಳ್ರ್ ಕಾರಲ್ದಾ ಇದ್?" ಎಂದ ಮಂಜ. ಯಾರೂ ಹೌದ್ ಎನ್ನಲಿಲ್ಲ.

"ಅಮ್ಮ," ಎಂದ ರವಿಶಂಕರ ಮೆಲ್ಲಗೆ, "ಅಪ್ಪಯ್ಯನ ಹತ್ರ ಒಂದ್ ಮಾತ್ ಕೇಂಡ್ ಕಾಣಿ. ಐದ್ ನಿಮಿಷದ ದಾರಿ."

ಗೋದಾವರಮ್ಮ ಗಂಡನನ್ನು ನೋಡಿದರು. ಐವತ್ತೊಂದು ವರ್ಷದ ಸಂಸಾರದಲ್ಲಿ ಆಡಿದ ಮಾತನ್ನೆಲ್ಲ ತಡಕಾಡಿದರೂ ಕೊನೆಗೊಂದು ಅಲ್ದಾ ಇಲ್ಲದ ಪ್ರಶ್ನೆ ಅವರಿಗೆ ಸಿಕ್ಕಲಿಲ್ಲ. ಸಿಕ್ಕರೂ ಅದಕ್ಕೆ ಬರುವ ಉತ್ತರ ಒಂದೇ.

ಅವರು ಏನೂ ಕೇಳಲಿಲ್ಲ. ಕಾರಿನ ಮುಂದಿನ ಬಾಗಿಲನ್ನು ಪೂರ್ತಿ ತೆರೆದಿಟ್ಟರು. ಕೋಲನ್ನು ಗಂಡನ ಎಡಗೈಗೆ ಎಟಕುವ ಹಾಗೆ ಸೀಟಿಗೆ ಒರಗಿಸಿದರು. ಆಮೇಲೆ ನಡೆದುಹೋಗಿ ರಿಕ್ಷಾ ಹತ್ತಿ, ಬಲಮೂಲೆಗೆ ಸರಿದು, ಪಕ್ಕದಲ್ಲಿ ಒಬ್ಬರಿಗೆ ಬೇಕಾದಷ್ಟು ಜಾಗ ಬಿಟ್ಟು ಕೂತರು. ಹಿಂತಿರುಗಿ ನೋಡಲಿಲ್ಲ.

"ಹೋಪ್ದಾ?" ಎಂದ ಮಂಜ. ಗುಡ್ಡ ಕೈಸನ್ನೆಯಿಂದಲೇ ಅವನನ್ನು ಸುಮ್ಮನಿರಿಸಿದ. ಮಂಜ ಎಂಜಿನ್ ಬಂದ್ ಮಾಡಿದ.

ಲ್ಯಾಂಡ್‌ಮಾಸ್ಟರಿನ ಅಡಿಯಿಂದ ತುಕ್ಕಿನ ಕೆಂಪು ನೀರು ಸಣ್ಣಗೆ ಹರಿದು, ಸೇತುವೆಯ ಅಂಚಿನ ತೂತಿನ ತನಕ ಹೋಗಿ, ಅಲ್ಲಿಂದ ಹನಿಹನಿಯಾಗಿ ಹೊಳೆಗೆ ಬೀಳುತ್ತಿತ್ತು. ಕೆಳಗೆ ಒಬ್ಬ ಎದೆಮಟ್ಟದ ನೀರಿನಲ್ಲಿ ನಿಂತು ಮಳಿ ಚಿಪ್ಪು ಹೆಕ್ಕಿ ದೋಣಿಗೆ ಹಾಕುತ್ತಿದ್ದ. ಎರಡು ಹನಿ ದೋಣಿಯೊಳಗೆ ಬಿದ್ದ ಮೇಲೆ ಅವನು ತಲೆಯೆತ್ತಿ ನೋಡಿದ, ದೋಣಿಯನ್ನು ಒಂದು ಮಾರು ಪಕ್ಕಕ್ಕೆ ಸರಿಸಿಕೊಂಡ, ಮತ್ತೆ ನೀರೊಳಗೆ ಕೈ ಹಾಕಿದ.